ಗಂಟುಮೂಟೆ ಅಕ್ಕನ ತಾಲೀಮು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಾಡಿಗೆ ಮನೆ ಹುಡುಕಿ ನೋಡಿರಲಿಕ್ಕಿಲ್ಲ. ಹುಡುಕಿದ್ದರೆ ಗಾದೆಗೆ ಇನ್ನೊಂದು ತುಂಡು ಸೇರುತ್ತಿತ್ತು. ಅದರಲ್ಲೂ ಕೈಯಲ್ಲಿ ಕಾಸಿಲ್ಲದವರಿಗೆ ಒಳ್ಳೆಯ ಬಡಾವಣೆಯಲ್ಲಿ ಮನೆ ಹುಡುಕಿಕೊಡುವುದನ್ನೇ ಕಸುಬು ಮಾಡಿಕೊಂಡವಳೊಬ್ಬಳು ನಮ್ಮ ಮನೆಯಲ್ಲಿದ್ದಾಳೆ. ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಊರಿಗೆಲ್ಲ ಗಂಟುಮೂಟೆ ಅಕ್ಕ. ಅವಳು ಯಾರ ಹೊಸ್ತಿಲು ತುಳಿದರೂ ಸ್ವಲ್ಪ ದಿನದಲ್ಲೇ ಆ ಮನೆಯವರು ಗಂಟುಮೂಟೆ ಕಟ್ಟುತ್ತಾರೆ, ಅದಕ್ಕೇ ಆ ಹೆಸರು. ಇಟ್ಟವಳು ನಾನೇ. ಅದಕ್ಕಾಗಿ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ಮೊದಲು ಅವಳು ಬಸ್ ಕಂಡಕ್ಟರ್. ಅವಳ ಬಸ್ಸು ಓಡುವ ದಾರಿಯ ಒಂದು ಕೊನೆಯಲ್ಲಿ ಮರದ ಮಿಲ್ಲುಗಳು, ಅವುಗಳ ಬೆನ್ನಿಗೆ ಅಂಟಿಕೊಂಡ ಒಂದೊಂದೇ ಕೋಣೆಯ ಮನೆಗಳು. ಇನ್ನೊಂದು ಕೊನೆಯಲ್ಲಿ ಸಾಲುಮರ, ಆಟದ ಮೈದಾನ, ಆಸ್ಪತ್ರೆ, ಮೇಷ್ಟ್ರು ತಪ್ಪದೆ ಬರುವ ಶಾಲೆ. ಬೆಳಿಗ್ಗೆ ಮಿಲ್ಲಿನ ಕೊನೆಯ ಹೆಂಗಸರು ಆ ಕೊನೆಗೆ ಹೋಗಿ ಯಾರ್ಯಾರದೋ ನೆಲ ಒರೆಸಿ ಸಂಜೆ ವಾಪಸು ಬರುತ್ತಿದ್ದರು. ಅವರ ಮಕ್ಕಳು ಮಾತ್ರ ಆ ಕೊನೆಯನ್ನು ಕಂಡೇ ಇರಲಿಲ್ಲ.

"ಒಂದೇ ಬಸ್ಸು ಕಣೇ, ಟಿಕೆಟ್ ಹರಿದು ಕೊಡೋಳು ನಾನೇ. ಆದ್ರೂ ಆ ಮಕ್ಕಳು ಯಾಕೆ ಅಲ್ಲಿ ಇಳಿಯಲ್ಲ?" ಎಂದು ಊಟಕ್ಕೆ ಕೂತಾಗಲೆಲ್ಲ ನನ್ನ ತಲೆ ತಿನ್ನುತ್ತಿದ್ದಳು. ಕೊನೆಗೆ, ಇಂಥ ಕುಟುಂಬಗಳಿಗೆ ಬಾಡಿಗೆಯಲ್ಲಿ ಪಾಲು ಕೊಟ್ಟು ಒಳ್ಳೆಯ ಕಡೆ ಮನೆ ಮಾಡಿಸುವ ಸಣ್ಣ ಸಂಘವೊಂದನ್ನು ಸೇರಿಕೊಂಡಳು. ಸದ್ಯ ನನ್ನ ಊಟ ನೆಟ್ಟಗಾಯಿತು ಅಂದುಕೊಂಡೆ. ಎಲ್ಲಿಯ ನೆಟ್ಟಗೆ! ಅಲ್ಲಿಂದ ನಮ್ಮ ನಡುಮನೆ ನಾಟಕದ ಮನೆಯಾಯಿತು.

ಯಾಕೆಂದರೆ ಗಂಟುಮೂಟೆ ಅಕ್ಕನಿಗೆ ತಾಲೀಮಿನ ಹುಚ್ಚು. ಬಾಡಿಗೆಗೆ ಹೋಗುವವರನ್ನು ಹಿಂದಿನ ದಿನ ನಮ್ಮ ಮನೆಗೆ ಕರೆಸಿ, ಮನೆಯೊಡತಿ ಏನು ಕೇಳುತ್ತಾಳೆ, ಇವರು ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಸುತ್ತಾಳೆ. ಮನೆಯೊಡತಿಯ ಪಾತ್ರ ಯಾವಾಗಲೂ ನನ್ನದು. ನನಗೆ ಸಿಡುಕಲು ತಾಲೀಮು ಬೇಕಿಲ್ಲವಲ್ಲ!

ಹಾಗೆ ಬಂದವರಲ್ಲಿ ಇಸ್ತ್ರಿಯವನ ಸಂಸಾರವೂ ಒಂದು. ಅವನು ಲಾಂಡ್ರಿಯೊಂದರಲ್ಲಿ ದಿನವಿಡೀ ನಿಂತು ಬಟ್ಟೆಗೆ ಇಸ್ತ್ರಿ ಹಾಕುವವನು. ಹೆಂಡತಿ, ತಾಯಿ, ಒಬ್ಬಳೇ ಮಗಳು. ಮಿಲ್ಲಿನ ಗೋಡೆಗೇ ಅವರ ಗೋಡೆ. ಮುಚ್ಚಿಟ್ಟ ಪಾತ್ರೆಯೊಳಗೂ ಮರದ ಹೊಟ್ಟು. ಮಗಳಿಗೆ ಉಬ್ಬಸ. ಚಳಿ ಬಂತೆಂದರೆ ಮಲಗಲೂ ಆಗದೆ ಕೂತೇ ಬೆಳಗು ಮಾಡುತ್ತಿದ್ದಳು. ಡಾಕ್ಟರು ಕೈ ಚೆಲ್ಲಿ, "ಔಷಧಿ ನಾನು ಕೊಡ್ತೀನಿ, ಗಾಳಿ ಎಲ್ಲಿಂದ ತರಲಿ?" ಅಂದಿದ್ದರು. ಚಳಿ ಶುರುವಾಗುವ ಮೊದಲು ಮನೆ ಬದಲಾಯಿಸಲೇಬೇಕಿತ್ತು. ಸಾಲುಮರದ ಬೀದಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿ, ಒಂದೇ ಒಂದು ಮನೆ ಉಳಿದಿತ್ತು. ಅದರ ಒಡತಿ ಬಲು ಕಟ್ಟುನಿಟ್ಟು ಎಂಬ ಸುದ್ದಿಯೂ ಇತ್ತು.

ಅದಕ್ಕೇ ತಾಲೀಮು ಇನ್ನೂ ಬಿಗಿಯಾಯಿತು. ಹಿರಿಯಳು ತಾನಿರುವಾಗ ಬೇರೆಯವರು ಬಾಯಿ ಬಿಡುವುದೇನು ಎಂದು ಅಜ್ಜಿಯೇ ಮುಂದೆ ಕೂತರು. ನಾನು ಗುಡುಗುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ಎಷ್ಟು ಜನ, ನೆಂಟರು ಬರ್ತಾರಾ, ಗೋಡೆಗೆ ಮೊಳೆ ಹೊಡೀತೀರಾ, ಗಲಾಟೆ ಮಾಡ್ತೀರಾ. ಸಂಜೆಯ ಹೊತ್ತಿಗೆ ಅಜ್ಜಿಗೆ ಎಲ್ಲ ನೀರು ಕುಡಿದಷ್ಟು ಸಲೀಸಾಯಿತು. "ಉಬ್ಬಸದ ವಿಷಯ ಮಾತ್ರ ಯಾರೂ ಎತ್ತಬೇಡಿ. ಕಾಯಿಲೆ ಅಂದ್ರೆ ಜನ ಹೆದರ್ತಾರೆ" ಎಂದು ಅಕ್ಕ ಕೊನೆಗೆ ಎಚ್ಚರಿಸಿದಳು.

ಮಾರನೆಯ ದಿನ ತಮಾಷೆ ನೋಡೋಣವೆಂದು ನಾನೂ ಜೊತೆಗೆ ಹೊರಟೆ. ಮನೆಯೊಡತಿ ಕನ್ನಡಕ ಸರಿಮಾಡಿಕೊಳ್ಳುತ್ತ ಬಾಗಿಲು ತೆರೆದರು. ಎಲ್ಲರೂ ಒಳಗೆ ಹೋಗಿ ಗೊಂಬೆಗಳ ಹಾಗೆ ಸಾಲಾಗಿ ಕೂತೆವು.

"ಬಿಸಿಲಲ್ಲಿ ನಡ್ಕೊಂಡು ಬಂದ್ರಾ?" ಎಂದು ಅವರು ಮೆತ್ತಗೆ ಕೇಳಿದರು.

"ನಾವು ನಾಲ್ಕೇ ಜನ" ಅಂದರು ಅಜ್ಜಿ.

ಒಡತಿ ಅಜ್ಜಿಯತ್ತ ತಿರುಗಿದರು. "ಆಯ್ತು. ಕುಡಿಯೋಕೆ ನೀರು ಕೊಡ್ಲಾ?"

"ನೆಂಟರು ಬರಲ್ಲ. ಬಂದ್ರೂ ಸಂಜೆಗೆ ಹೊರಟುಬಿಡ್ತಾರೆ."

ಇಸ್ತ್ರಿಯವನು ತನ್ನ ಅಂಗಿಯ ಗುಂಡಿ ನೋಡಿಕೊಂಡ. ಸೊಸೆ ಅತ್ತೆಯ ತೋಳು ಚಿವುಟಿದಳು. ನಾನು ಕರವಸ್ತ್ರ ಬಾಯಿಗೆ ತುರುಕಿಕೊಂಡೆ.

"ಅಮ್ಮಾ, ಹುಷಾರಾಗಿದೀರಿ ತಾನೇ?"

"ಒಂದೇ ಒಂದು ಮೊಳೇನೂ ಹೊಡಿಯಲ್ಲ!"

"ಅಜ್ಜೀ, ಅವರು ಇನ್ನೂ ಅದನ್ನ ಕೇಳೇ ಇಲ್ಲ!" ಎಂದು ಹುಡುಗಿ ಕೂಗಿಬಿಟ್ಟಳು. ನನ್ನಿಂದ ತಡೆಯಲಾಗಲಿಲ್ಲ, ಹೋ ಎಂದು ನಕ್ಕೆ. ಅತಿಯಾದರೆ ಅಮೃತವೂ ವಿಷ ಎನ್ನುವುದು ಸುಳ್ಳಲ್ಲ. ಬಸ್ಸು ತುಂಬ ಜನರನ್ನು ಒಂದೇ ಗದರಿಕೆಗೆ ಒಳಗೆ ಸರಿಸುತ್ತಿದ್ದ ಗಂಟುಮೂಟೆ ಅಕ್ಕ ಇಂಗು ತಿಂದ ಮಂಗನ ಹಾಗೆ ಕೂತಿದ್ದಳು.

"ಏನಿದು ನಾಟಕ?" ಅಂದರು ಒಡತಿ.

"ನಾಟಕಾನೇ. ನಿಮ್ಮ ಪಾತ್ರ ಮಾಡಿದ್ದು ನಾನು" ಎಂದೆ. ನನ್ನ ಬಾಯಿಗೆ ಬೀಗ ಇಲ್ಲವೆಂದು ನನ್ನತ್ತೆ ಹೇಳುತ್ತಿದ್ದುದು ನಿಜ.

"ಹೇಗೆ ಮಾಡಿದ್ರಿ?"

"ನಿಮಗಿಂತ ಜೋರಾಗಿ."

ಒಡತಿ ನಗಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು ಕೇಳಿದರು. "ಇವರೆಲ್ಲ ಬೇಡ. ನೀನು ಹೇಳು ಪುಟ್ಟೀ. ಏನನ್ನ ಹೇಳಬೇಡ ಅಂದಿದಾರೆ ನಿಂಗೆ?"

"ನನಗೆ ಉಬ್ಬಸ ಇದೆ ಅಂತ ಹೇಳಬೇಡ ಅಂದಿದಾರೆ."

ನನ್ನ ನಗು ಎಲ್ಲಿ ಹೋಯಿತೋ. ಇಸ್ತ್ರಿಯವನು ತಲೆ ತಗ್ಗಿಸಿದ. ಮುಗಿಯಿತು, ಇದ್ದ ಒಂದು ಬಾಗಿಲೂ ಹೋಯಿತು ಅಂದುಕೊಂಡೆ. ಅವನು ಎದ್ದು ನಿಂತು, "ಮಿಲ್ಲಿನ ಹೊಟ್ಟಿಗೆ ಬಂದಿದ್ದು ಮೇಡಂ, ಅಂಟೋ ಕಾಯಿಲೆ ಅಲ್ಲ. ಸುಳ್ಳು ಹೇಳ್ಬೇಕು ಅಂತ ಅಲ್ಲ, ಮನೆ ಬೇಕಿತ್ತು" ಎಂದು ತಡವರಿಸಿದ. ಅಷ್ಟು ಹೇಳಿ ಬಾಗಿಲ ಕಡೆ ಹೆಜ್ಜೆಯನ್ನೂ ಇಟ್ಟ.

"ಕೂತ್ಕೊಳ್ರೀ" ಎಂದು ಒಡತಿ ಗದರಿದರು, ಅಪ್ಪಟ ನನ್ನ ದನಿಯಲ್ಲೇ. "ಇಲ್ಲಿಗೆ ಬಂದೋರೆಲ್ಲ ಚೆನ್ನಾಗಿ ಸುಳ್ಳು ಹೇಳಿ ಒಳಗೆ ಸೇರ್ಕೊಂಡು, ಆಮೇಲೆ ನನ್ನ ಜೀವ ಹಿಂಡಿದಾರೆ. ಹೇಳಿಕೊಟ್ರೂ ಸುಳ್ಳು ಹೇಳೋಕೆ ಬರದ ಸಂಸಾರ ಇವತ್ತೇ ನೋಡಿದ್ದು. ಯಾವಾಗ ಬರ್ತೀರಿ?"

"ಗಲಾಟೆ ಮಾಡಲ್ಲ" ಅಂದರು ಅಜ್ಜಿ, ಬಾಯಿಪಾಠ ಬಿಡದೆ. ಈಗ ಒಡತಿಗೂ ನಗು ತಡೆಯಲಾಗಲಿಲ್ಲ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇಸ್ತ್ರಿಯವನ ಹೆಂಡತಿ ಅಲ್ಲೇ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅದು ಸಂತೋಷಕ್ಕೆ ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಆ ವಾರವೇ ಅವರು ಗಂಟುಮೂಟೆ ಕಟ್ಟಿದರು. ಹುಡುಗಿ ಎದುರು ಬೀದಿಯ ಶಾಲೆಗೆ ಸೇರಿದಳು. ಬಿಟ್ಟು ಬಂದರೆ ಕೆಲಸ ಮುಗಿಯಿತು ಅನ್ನುವ ಪೈಕಿಯಲ್ಲ ನನ್ನ ವಾರಗಿತ್ತಿ. ಚಳಿ ಜೋರಾದ ಮೇಲೆ ಅವರನ್ನು ನೋಡಲು ಹೊರಟಳು, ನನ್ನನ್ನೂ ಎಳೆದುಕೊಂಡು. ಹುಡುಗಿ ಮೈದಾನದಲ್ಲಿ ಓಡುತ್ತಿದ್ದಳು. ಅಜ್ಜಿ ಮಾತ್ರ ಕೆಂಪು ಕಣ್ಣು ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಈ ಮನೇಲಿ ನನಗೆ ನಿದ್ದೇನೇ ಇಲ್ಲ ಕಣಮ್ಮಾ" ಅಂದರು.

ಅಕ್ಕನ ಮುಖ ಇಳಿದುಹೋಯಿತು. "ಯಾಕಮ್ಮಾ? ಮನೆಯವರು ಏನಾದ್ರೂ ಅಂದ್ರಾ?"

"ಅವರ್ಯಾಕೆ ಅಂತಾರೆ, ಪಾಪ. ಅಲ್ಲಿದ್ದಾಗ ರಾತ್ರಿಯೆಲ್ಲ ಮಗು ಎದೆ ಸುಯ್ ಸುಯ್ ಅಂತಿತ್ತು. ಅದನ್ನ ಕೇಳ್ಕೊಂಡೇ ಮಲಗೋಳು ನಾನು. ಇಲ್ಲಿ ಅದು ಸದ್ದೇ ಮಾಡಲ್ಲ. ಉಸಿರಿದೆಯೋ ಇಲ್ವೋ ಅಂತ ಎದ್ದೆದ್ದು ಮೂಗಿನ ಹತ್ರ ಬೆರಳು ಹಿಡಿದು ನೋಡ್ತೀನಿ. ಇರುತ್ತೆ. ಮತ್ತೆ ಮಲಗ್ತೀನಿ, ಮತ್ತೆ ಎದ್ದು ನೋಡ್ತೀನಿ."

ಅಕ್ಕ ಅವರ ಕೈ ಹಿಡಿದುಕೊಂಡಳು. "ಡಾಕ್ಟರ ಹತ್ರ ನಿಮಗೇ ನಿದ್ದೆಗೆ ಏನಾದ್ರೂ ಕೇಳೋಣ್ವಾ?"

"ಬೇಡಮ್ಮಾ, ಬೇಡ" ಅಂದರು ಅಜ್ಜಿ, ಓಡುವ ಮೊಮ್ಮಗಳ ಮೇಲಿಂದ ಕಣ್ಣು ತೆಗೆಯದೆ. "ಇನ್ನೂ ಸ್ವಲ್ಪ ದಿನ ಹೀಗೇ ಎದ್ದೆದ್ದು ನೋಡ್ತೀನಿ."