ಎರವಲು ಕೊಡೆಗಳ ಊರು

ಮಳೆಗಾಲದಲ್ಲಿ ಆ ಊರಿಗೆ ಬಂದವರು ಮೊದಲು ನದಿಯನ್ನು ನೋಡುತ್ತಾರೆ, ಆಮೇಲೆ ಕೊಡೆ ಅತ್ತೆಯನ್ನು. ತುಂಬಿದ ನದಿ ನೋಡುವ ಉಮೇದಿನಲ್ಲಿ ದಡಕ್ಕೆ ಇಳಿದವರ ಕೊಡೆಯನ್ನು ಅಲ್ಲಿನ ಗಾಳಿ ನಿಂತ ನಿಲುವಿನಲ್ಲೇ ಮಗುಚಿ ಹಾಕುವುದರಿಂದ ಅವರಿಗೆ ಬೇರೆ ದಾರಿಯೂ ಇರುವುದಿಲ್ಲ. ಕಡ್ಡಿ ಮುರಿದ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಒಂದು ಹಳೆಯ ಗೋದಾಮು. ಅದರ ಮಹಡಿ ಮೆಟ್ಟಿಲ ಕೆಳಗೆ ಒಂದು ಗೂಡು. ಆ ಗೂಡಿನಲ್ಲಿ ಮಣೆಯ ಮೇಲೆ ಕೂತು, ಹಲ್ಲಿನಲ್ಲಿ ದಾರ ಕಚ್ಚಿ, ಕೈಯಲ್ಲಿ ಇಕ್ಕಳ ಹಿಡಿದು, ಬರುವವರ ಜೊತೆಗೂ ಹೋಗುವವರ ಜೊತೆಗೂ ಏಕಕಾಲಕ್ಕೆ ಮಾತಾಡುತ್ತಿರುವ ಹೆಂಗಸೇ ಕೊಡೆ ಅತ್ತೆ.

ಗಂಡ ಇದ್ದಾಗ ಕೊಡೆ ರಿಪೇರಿ ಅವನ ಕೆಲಸವಾಗಿತ್ತು. ಮೂಗನಂಥ ಮನುಷ್ಯ. ಗಿರಾಕಿಗಳು ಸಾಲಾಗಿ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದರೂ ತಲೆಯೆತ್ತುತ್ತಿರಲಿಲ್ಲ. ಅವನು ತೀರಿಹೋದ ಮೇಲೆ ಮಣೆ ಹೆಂಡತಿಗೆ ಬಂತು. ಕೊಡೆ ಸರಿಮಾಡಿಸಲು ಬಂದವರು ನೆನೆಯುತ್ತ ನಿಲ್ಲುವುದನ್ನು ಅವಳಿಂದ ಒಂದು ದಿನವೂ ನೋಡಲಾಗಲಿಲ್ಲ. "ನಿಮ್ಮದು ಇಲ್ಲಿಟ್ಟು ಯಾರದ್ದೋ ಒಂದು ಹಿಡ್ಕೊಂಡು ಹೋಗಿ, ಆಮೇಲೆ ಬದಲಾಯಿಸಿಕೊಂಡ್ರಾಯ್ತು" ಎಂದು, ರಿಪೇರಿಯಾಗಿ ಹಗ್ಗಕ್ಕೆ ನೇತುಬಿದ್ದಿದ್ದ ಕೊಡೆಗಳನ್ನು ಕೈಗೆ ಸಿಕ್ಕಿದ ಹಾಗೆ ಹಂಚತೊಡಗಿದಳು. ಚೀಟಿಯಿಲ್ಲ, ಗುರುತಿಲ್ಲ. ಅಂದಿನಿಂದ ಇಂದಿನವರೆಗೆ ಮಳೆಗಾಲದಲ್ಲಿ ಆ ಊರಿನ ಯಾರ ಕೈಯಲ್ಲೂ ಅವರ ಸ್ವಂತ ಕೊಡೆ ಇಲ್ಲ. ಡಾಕ್ಟರು ಝಾಲರಿನ ಗುಲಾಬಿ ಕೊಡೆ ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ. ಒಂದನೇ ಕ್ಲಾಸಿನ ಮಗು ಪೊಲೀಸರ ಕಪ್ಪು ಕೊಡೆಯೊಳಗೆ ಮುಳುಗಿ ಬರೀ ಕಾಲಾಗಿ ನಡೆಯುತ್ತದೆ. ಯಾರಿಗೂ ಬೇಜಾರಿಲ್ಲ. ಕೊಡೆ ಯಾರದಾದರೇನು, ತಲೆ ನಮ್ಮದೇ ಅಲ್ಲವೇ? "ಹೆಸರಿಗೆ ಕೊಡೆ ಅತ್ತೆ, ಆದ್ರೆ ಕೇಳಿದ್ದು ಕೊಡೆ ಅಂದವಳೇ ಅಲ್ಲ" ಎಂದು ಊರಿನ ಕ್ಷೌರಿಕ ವರ್ಷಕ್ಕೊಮ್ಮೆಯಾದರೂ ಹೇಳಿ ತಾನೇ ನಗುತ್ತಾನೆ.

ಊರಿಗೆಲ್ಲ ಅತ್ತೆಯಾದವಳಿಗೆ ಸ್ವಂತಕ್ಕೊಬ್ಬ ಸೊಸೆ ಇರಲಿಲ್ಲ. ಮಗ ನದಿ ದಾಟಿಸುವ ಲಾಂಚಿನ ಡ್ರೈವರು. ಒಳ್ಳೆಯ ಹುಡುಗ, ಆದರೆ ಹೆಣ್ಣು ಹುಡುಕೋಣವೇ ಎಂದರೆ ಎಂಜಿನ್ನಿನ ಶಬ್ದದಲ್ಲಿ ಕೇಳಿಸಲಿಲ್ಲ ಎನ್ನುವವನು. ಅಂಥವನು ಈ ಸಲ ತಾನಾಗಿಯೇ ಬಾಯಿಬಿಟ್ಟಿದ್ದ. ಲಸಿಕೆ ಹಾಕಲು ಲಾಂಚಿನಲ್ಲಿ ಓಡಾಡಿದ ಪಕ್ಕದ ಊರಿನ ನರ್ಸ್ ಹುಡುಗಿ. ಒಂದು ಸಂಜೆ ಅವಳು ಗೂಡಿಗೂ ಬಂದಿದ್ದಳು. ಅತ್ತೆ ತಂತಿ ಬಿಗಿಯುವಾಗ ಕೇಳದೆಯೇ ಕಡ್ಡಿ ಹಿಡಿದುಕೊಂಡು, ಅತ್ತೆಯ ಮಾತಿಗೆಲ್ಲ ಸರಿಯಾದ ಕಡೆ ನಕ್ಕು, ಹೋಗುವಾಗ ಅತ್ತೆಯ ಕೈಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿ ಹೋಗಿದ್ದಳು. ಅತ್ತೆಗೆ ಆ ಹುಡುಗಿ ಬೇಕೇ ಬೇಕಾಗಿದ್ದಳು. ಮಗನಿಗಿಂತ ಒಂದು ಗುಲಗಂಜಿ ಹೆಚ್ಚೇ ಬೇಕಾಗಿದ್ದಳು ಎಂದರೂ ಸುಳ್ಳಲ್ಲ.

ಹುಡುಗಿಯೇನೋ ಒಪ್ಪಿದ್ದಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ತಂದೆ ತಾಯಿ ಇಲ್ಲದ ಹುಡುಗಿಯನ್ನು ಸಾಕಿದವಳು ಅವಳ ಅಕ್ಕ, ಟೈಲರು. ಆ ಅಕ್ಕ ಭಾನುವಾರ ಮನೆ ನೋಡಲು ಬರುವವಳಿದ್ದಳು.

"ಅಮ್ಮಾ, ಅವರು ಭಾರಿ ಸ್ಟ್ರಿಕ್ಟಂತೆ" ಎಂದು ಮಗ ಹೆದರಿಸಿದ್ದ. "ಅವರ ಕತ್ತರಿನ ಬೇರೆಯವರು ಮುಟ್ಟಿದ್ರೆ ಅವತ್ತಿಗೆ ಅಂಗಡೀನೇ ಮುಚ್ತಾರಂತೆ. ಎರಡು ಸಂಬಂಧ ಆಗ್ಲೇ ಬೇಡ ಅಂದಿದಾರೆ."

"ಬರ್ಲಿ ಬಿಡೋ, ನಾನೇನು ಅವರ ಕತ್ತರಿ ಕೇಳ್ತೀನಾ?" ಎಂದಿದ್ದಳು ಅತ್ತೆ. ಬಾಯಿ ಹಾಗೆ ಅಂದರೂ ಕೈ ಸುಮ್ಮನಿರಲಿಲ್ಲ. ವಾರವಿಡೀ ಮನೆಯ ಡಬ್ಬಗಳನ್ನು ಉಜ್ಜಿ ಉಜ್ಜಿ ಅವುಗಳ ಮೇಲಿದ್ದ ಹೂವಿನ ಚಿತ್ರವನ್ನೇ ಅಳಿಸಿಹಾಕಿದ್ದಳು.

ಶನಿವಾರ ಬೆಳಿಗ್ಗೆಯಿಂದ ಮಳೆ ಒಂದೇ ಸಮನೆ ಹುಯ್ಯುತ್ತಿತ್ತು. ನದಿ ಕೆಳಗಿನ ಬೀದಿಗೆ ಹತ್ತಿ ಬಂದಿತ್ತು. ಜನ ಅಂಗಡಿಯಿಂದ ಅಂಗಡಿಗೆ ಹಲಗೆ ಹಾಕಿಕೊಂಡು ಎಂದಿನಂತೆ ವ್ಯಾಪಾರ ಮಾಡುತ್ತಿದ್ದರು. ಅಷ್ಟರಲ್ಲಿ ಗೂಡಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಬಸ್ಸಿಳಿದು ಬಂದವಳು, ಹೊಸಬಳು, ನಲವತ್ತರ ಆಸುಪಾಸು. ಸೀರೆ ನೆರಿಗೆ ಆ ಮಳೆಯಲ್ಲೂ ಇಸ್ತ್ರಿ ಮಾಡಿದ ಹಾಗಿತ್ತು. ಅವಳ ಕೈಯಲ್ಲಿದ್ದ ಕೊಡೆಯನ್ನು ನೋಡಿ ಅತ್ತೆ ಬಾಯಲ್ಲಿದ್ದ ದಾರ ಬಿಟ್ಟಳು. ಅದರ ಒಂದೊಂದು ಪಟ್ಟಿ ಒಂದೊಂದು ಬಣ್ಣ. ಕೆಂಪು, ಹಸಿರು, ನೀಲಿ, ಅರಿಶಿನ, ಎಲ್ಲವೂ ಬೇರೆ ಬೇರೆ ಬಟ್ಟೆ, ಕೈಹೊಲಿಗೆ.

"ಎರಡು ಕಡ್ಡಿ ಹೋಗಿದೆ. ಸಂಜೆ ಬರ್ತೀನಿ. ಜೋಪಾನ" ಎಂದಳು ಹೆಂಗಸು.

"ಅಷ್ಟೊತ್ತು ನೆನೀತೀರಾ? ತಗೊಳ್ಳಿ" ಎಂದು ಅತ್ತೆ ಹಗ್ಗದಿಂದ ಒಂದು ಕೊಡೆ ಕಿತ್ತುಕೊಟ್ಟಳು. ಹಳದಿ ಬಣ್ಣದ, ಮಕ್ಕಳ ಕೊಡೆ. ನೆತ್ತಿಯ ಮೇಲೆ ಮೊಲದ ಎರಡು ಕಿವಿ ಬೇರೆ.

"ಇದು ಯಾರದ್ದು?"

"ಯಾರದ್ದೋ."

"ಕೇಳದೇನೇ ಕೊಡ್ತೀರಾ?"

"ಯಾರನ್ನ ಕೇಳ್ಬೇಕು, ಮೊಲಾನಾ?" ಎಂದು ಅತ್ತೆ ನಕ್ಕಳು. ಹೆಂಗಸು ನಗಲಿಲ್ಲ. ಕಿವಿಯಿರುವ ಕೊಡೆಯಡಿ ಬಿಗಿಯಾಗಿ ನಡೆದುಹೋದಳು.

ಕೊಡೆ ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಂಥಾ ಹೊಲಿಗೆ ಎಂದು ಅತ್ತೆ ಎರಡೆರಡು ಸಲ ಬಿಚ್ಚಿ ನೋಡಿ ಹಗ್ಗಕ್ಕೆ ತೂಗುಹಾಕಿದಳು. ಆಗಲೇ ಮೊಟ್ಟೆ ಮಾರುವ ಅಕ್ಕ ಬುಟ್ಟಿ ಹೊತ್ತು, ಮುರಿದ ಕೊಡೆ ಎಳೆದುಕೊಂಡು ಬಂದಳು. ನಾಳೆ ಬರುವ ಬೀಗಿತ್ತಿಯನ್ನು ಯಾವ ಕುರ್ಚಿಯ ಮೇಲೆ ಕೂರಿಸಬೇಕು ಎಂಬ ಭಾರಿ ಚರ್ಚೆ ಅವರಿಬ್ಬರ ನಡುವೆ ನಡೆಯಿತು. ಬಾಯಿ ಕುರ್ಚಿಯ ಕೆಲಸದಲ್ಲಿದ್ದಾಗ ಕೈ ತನ್ನ ಪಾಡಿಗೆ ತಾನು ಹಗ್ಗಕ್ಕೆ ಹೋಗಿ, ಹತ್ತಿರ ಸಿಕ್ಕಿದ ಕೊಡೆಯನ್ನು ತೆಗೆದು ಅವಳಿಗೆ ಕೊಟ್ಟಿತು. ಇಷ್ಟು ವರ್ಷದ ಅಭ್ಯಾಸ, ಕೈಯನ್ನು ಅಂದು ಏನು ಪ್ರಯೋಜನ?

ಮಧ್ಯಾಹ್ನ ಇಳಿಯುತ್ತಿದ್ದಂತೆ ಮಗ ಬಂದ. ಮುಖ ಊರಗಲ ಅರಳಿತ್ತು. ಹಿಂದೆ ಹಳದಿ ಮೊಲದ ಕೊಡೆ.

"ಅಮ್ಮಾ, ಯಾರು ಬಂದಿದಾರೆ ನೋಡು! ಲಾಂಚ್ ಹತ್ರ ನಿಂತಿದ್ರು, ಫೋಟೋ ನೋಡಿದ್ದೆನಲ್ಲ, ಗುರುತು ಸಿಕ್ತು. ಇವರೇ ಅವಳ ಅಕ್ಕ."

"ಹೇಳಿ ಬಂದ್ರೆ ಸಿಂಗರಿಸಿದ ಮನೆ ಕಾಣುತ್ತೆ, ಹೇಳದೆ ಬಂದ್ರೆ ಮನೆ ಕಾಣುತ್ತೆ. ಅದಕ್ಕೇ ಒಂದು ದಿನ ಮುಂಚೆ ಬಂದೆ. ತಪ್ಪು ತಿಳ್ಕೋಬೇಡಿ" ಎಂದಳು ಟೈಲರ್ ಅಕ್ಕ. ದನಿ ಮೆತ್ತಗೇ ಇತ್ತು. "ನನ್ನ ಕೊಡೆ ಆಯ್ತಾ?"

"ಆಗ್ಲೇ ಆಯ್ತಲ್ಲ!" ಎಂದು ಅತ್ತೆ ಸಡಗರದಿಂದ ಹಗ್ಗದ ಕಡೆ ತಿರುಗಿದಳು. ಹಗ್ಗದಲ್ಲಿ ಕಪ್ಪು ಕೊಡೆಗಳು ಬಾವಲಿಗಳ ಹಾಗೆ ನೇತಾಡುತ್ತಿದ್ದವು, ಬಣ್ಣದ್ದಿರಲಿಲ್ಲ. ಆ ಗೂಡಿನಲ್ಲಿ ಬಹುಶಃ ಅವಳ ಗಂಡ ಹೋದ ಮೇಲೆ ಅಷ್ಟು ಮೌನ ಆದದ್ದು ಅದೇ ಮೊದಲು.

"ಮೊಟ್ಟೆ ಅಕ್ಕನಿಗೆ ಕೊಟ್ಬಿಟ್ಟೆ" ಎಂದಳು ಕೊನೆಗೆ.

ಟೈಲರ್ ಅಕ್ಕ ಕೂಗಾಡಿದ್ದರೆ ವಾಸಿಯಿತ್ತು. "ಅದು ನಮ್ಮಮ್ಮಂದು" ಎಂದಷ್ಟೇ ಅಂದಳು. "ಅಪ್ಪ ಹೋದ ಮೇಲೆ ರಸ್ತೆ ಬದಿ ಕೂತು ತುಂಡು ಬಟ್ಟೆ ಮಾರಿ ನಮ್ಮಿಬ್ಬರನ್ನ ಸಾಕಿದಳು. ಉಳಿದ ಚೂರಲ್ಲೇ ಹೊಲಿದ ಕೊಡೆ. ತಂಗಿಗೂ ನಾನದನ್ನ ಕೊಟ್ಟಿಲ್ಲ."

ಮಗ ಅಮ್ಮನನ್ನು ನೋಡಿದ. ಆ ನೋಟದಲ್ಲಿ ಮೂರನೆಯ ಸಂಬಂಧವೂ ನೀರುಪಾಲಾದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆ ಒಂದು ಗೋಣಿಯನ್ನು ತಲೆಗೆ ಹಾಕಿಕೊಂಡು ಬೀದಿಗಿಳಿದಳು, ಉಳಿದಿಬ್ಬರೂ ಹಿಂದೆಯೇ ಹೊರಟರು. ಊರಿಗೆಲ್ಲ ಕೊಡೆ ಹಂಚಿದವಳು ತನಗೆಂದು ಒಂದನ್ನು ತೆಗೆದಿಟ್ಟುಕೊಂಡವಳಲ್ಲ, ಆ ಗಡಿಬಿಡಿಯಲ್ಲಿ ಹಗ್ಗದಿಂದ ಒಂದನ್ನು ತೆಗೆಯಲೂ ತೋಚಲಿಲ್ಲ.

ಮೊಟ್ಟೆ ಅಕ್ಕನ ಮನೆ ಹಲಗೆಯಾಚೆ. "ಅಯ್ಯೋ, ಕ್ಷೌರದಂಗಡಿಯವನು ಕೇಳಿದ, ಕೊಟ್ಟೆ" ಎಂದಳು ಅವಳು ಬಾಗಿಲಲ್ಲೇ. "ನಂದಲ್ಲವಲ್ಲ, ಇಲ್ಲ ಅನ್ನೋಕೆ ನಾನ್ಯಾರು? ನಂದೇ ಆಗಿದ್ರೆ ಸ್ವಲ್ಪ ಯೋಚ್ನೆ ಮಾಡ್ತಿದ್ದೆ."

ಮೂವರೂ ಹಲಗೆ ದಾಟಿ ಮುಂದೆ ನಡೆಯುತ್ತಿರುವಾಗ ಮೇಲಿನ ಕಿಟಕಿಯಿಂದ ಅಜ್ಜನೊಬ್ಬ ಬಗ್ಗಿ ಕೂಗಿದ. "ತಾಯೀ, ಆ ಮೊಲದ್ದು ನಮ್ಮ ಮೊಮ್ಮಗಳದ್ದು! ಮುಚ್ಚುವಾಗ ಗುಂಡಿ ಒತ್ಬೇಡಿ, ಬೆರಳು ಸಿಕ್ಕೊಳ್ಳುತ್ತೆ!"

ಟೈಲರ್ ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು. "ತಗೊಳ್ಳಿ, ಕೊಟ್ಬಿಡ್ತೀನಿ" ಎಂದು ಅಲ್ಲೇ ಮುಚ್ಚಲು ಹೋದಳು.

"ಏ, ಮಳೇಲಿ ಯಾಕೆ ಮುಚ್ತೀರಿ? ಹೋಗಿ ಹೋಗಿ, ಬೆರಳು ಮಾತ್ರ ಹುಷಾರು" ಎಂದು ಅಜ್ಜ ಕಿಟಕಿ ಹಾಕಿಕೊಂಡ. ಅವಳು ಆ ಮುಚ್ಚಿದ ಕಿಟಕಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು.

ಕ್ಷೌರಿಕ ಒಬ್ಬ ಗಿರಾಕಿಯ ಅರ್ಧ ಗಡ್ಡ ಕೆರೆದು ಇನ್ನರ್ಧಕ್ಕೆ ಸೋಪು ಹಚ್ಚುತ್ತಿದ್ದ. ಜೋಳ ಸುಡುವವಳು ಆಚೆ ದಡಕ್ಕೆ ಹೊರಟಿದ್ದಳು, ತಲೆ ಮೇಲೆ ಏನೂ ಇರಲಿಲ್ಲ, ಅವಳಿಗೆ ಕೊಟ್ಟೆ ಎಂದ. ಆಮೇಲೆ ಕತ್ತಿಯನ್ನು ಮಗನ ಕಡೆ ತೋರಿಸಿ, "ನಿನ್ನ ಲಾಂಚಲ್ಲೇ ಹೋದ್ಲಲ್ಲೋ! ಅಂಥಾ ಬಣ್ಣದ ಕೊಡೆ ಕಣ್ಣಿಗೆ ಬೀಳಲಿಲ್ವಾ?" ಎಂದು ಕೇಳಿದ. ಮಗ ಕಿವಿ ಕೆಂಪಗೆ ಮಾಡಿಕೊಂಡ. ಇಡೀ ದಿನ ಅವನು ನಾಳೆ ಅಕ್ಕನ ಮುಂದೆ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ಲಾಂಚು ಇವತ್ತು ಸರಿಯಾದ ದಡಕ್ಕೆ ಮುಟ್ಟಿದ್ದೇ ಹೆಚ್ಚು.

ಅವರು ದಡಕ್ಕೆ ಬರುವಷ್ಟರಲ್ಲಿ ನೀರು ದೀಪದ ಕಂಬದ ಕಟ್ಟೆಯನ್ನು ಮುಳುಗಿಸಿತ್ತು. ಕಟ್ಟೆ ಮುಳುಗಿದರೆ ಲಾಂಚು ಬಿಡುವಂತಿಲ್ಲ, ಅದು ಅಲ್ಲಿಯ ಕಾನೂನು. ಕೂಗಿದರೆ ಕೇಳಿಸದಷ್ಟು ದೂರ, ಕಣ್ಣಿಗೆ ಕಾಣುವಷ್ಟು ಹತ್ತಿರ, ಆಚೆ ದಡ. ಅಲ್ಲಿ ಬೂದಿ ಬಣ್ಣದ ಮಳೆಯ ನಡುವೆ ಕೆಂಪು, ಹಸಿರು, ನೀಲಿ, ಅರಿಶಿನ ಕೊಡೆ ಬಿಚ್ಚಿಕೊಂಡು ಕೂತಿತ್ತು. ಅದರಡಿಯಿಂದ ಹೊಗೆ ಏಳುತ್ತಿತ್ತು. ಜೋಳದವಳು ಮಾತ್ರ ಕೊಡೆಯ ಹೊರಗಿದ್ದಳು.

"ನೋಡಿ ಆ ದಡ್ಡೀನ!" ಎಂದಳು ಅತ್ತೆ. ಸಂಕಟದಲ್ಲೂ ಅವಳಿಗೆ ಸುಮ್ಮನಿರಲಾಗಲಿಲ್ಲ. "ಕೊಡೆ ಒಲೆಗೆ ಹಿಡಿದು ತಾನು ನೆನೀತಾ ಕೂತಿದಾಳೆ!"

"ಒಲೆ ಆರಿದ್ರೆ ವ್ಯಾಪಾರ ಎಲ್ಲಿ?" ಎಂದಳು ಟೈಲರ್ ಅಕ್ಕ. ಬಹಳ ಹೊತ್ತು ಆಚೆಯೇ ನೋಡಿದಳು. "ಅಮ್ಮನೂ ಹಾಗೇ ಕೂರ್ತಿದ್ಲು. ಕೊಡೆ ಬಟ್ಟೆ ಗಂಟಿನ ಮೇಲೆ, ತಾನು ಮಳೇಲಿ. ಎಷ್ಟು ಬೈತಿದ್ದೆ ನಾನು. ಅವಳು ಹೋದ ಮೇಲೆ ಆ ಕೊಡೆ ಬಿಚ್ಚಿದ್ದು ನನ್ನ ತಲೆಗೆ ಮಾತ್ರ."

ಅವಳ ಕಣ್ಣು ತುಂಬಿತು. ಅತ್ತೆಗೂ ದುಃಖ ಒತ್ತರಿಸಿ ಬಂತು. ಗಂಡ ಸತ್ತಾಗ ಅತ್ತವಳು ಆಮೇಲೆ ಅಳುವುದಕ್ಕೆ ಪುರುಸೊತ್ತು ಮಾಡಿಕೊಂಡಿರಲಿಲ್ಲ, ಈಗ ಗೋಣಿಯ ಅಂಚಿನಲ್ಲಿ ಮೂಗೊರೆಸಿಕೊಂಡು ಸೊರಸೊರ ಅತ್ತಳು.

"ನೀರು ಇಳಿದ ತಕ್ಷಣ ನಾನೇ ಹೋಗಿ ತರ್ತೀನಿ" ಎಂದ ಮಗ.

"ತರಲೇಬೇಕು" ಎಂದಳು ಟೈಲರ್ ಅಕ್ಕ, ಕಣ್ಣೊರೆಸಿಕೊಂಡು. "ಆದ್ರೆ ಮಳೆ ನಿಂತ ಮೇಲೆ ತಗೊಳ್ಳಿ ಅವಳ ಕೈಯಿಂದ."

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. "ನೋಡಮ್ಮಾ, ತಪ್ಪು ನಂದು. ಅದನ್ನ ಅವನ ತಲೆಗೆ ಕಟ್ಬೇಡಿ. ಆ ಹುಡುಗಿ ನಮ್ಮನೆಗೆ ಬರ್ತಾಳೋ ಇಲ್ವೋ, ಒಂದು ಮಾತು ಹೇಳ್ಬಿಡಿ."

ಟೈಲರ್ ಅಕ್ಕ ತಿರುಗಿ ನೋಡಿದಳು. ಬಟ್ಟೆ ಅಳೆಯುವಾಗಿನ ನೋಟ ಅದು. "ಅವಳೂ ನನ್ನ ಥರಾನೇ. ಅವಳ ಬಾಚಣಿಗೆ ಇನ್ನೊಬ್ರು ಮುಟ್ಟಿದ್ರೆ ಎರಡು ದಿನ ಮುಖ ಊದಿಸ್ಕೊಂಡಿರ್ತಾಳೆ. ನಿಮ್ಮನೇಲಿ ಅವಳ ಬಾಚಣಿಗೆ ಅವಳದ್ದಾಗೇ ಇರುತ್ತಾ?"

ಮಗ ಹಿಂದಿನಿಂದ 'ಹೂಂ ಅನ್ನು, ಹೂಂ ಅನ್ನು' ಎಂದು ತಲೆಯಾಡಿಸುತ್ತಿದ್ದ. 'ಹೂಂ' ಅತ್ತೆಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅತ್ತಾದ ಮೇಲೆ ಸುಳ್ಳು ಹೇಳುವುದು ಕಷ್ಟ.

"ಇಲ್ಲಮ್ಮ" ಎಂದಳು. "ಒಂದು ವಾರ ಇರುತ್ತೆ. ಆಮೇಲೆ ಪಕ್ಕದ್ಮನೆ ಹುಡುಗಿ ಎಲ್ಲೋ ಹೊರಟಿರ್ತಾಳೆ, ತಲೆ ಕೆದರಿರುತ್ತೆ, ಬಾಚಣಿಗೆ ಕೇಳ್ತಾಳೆ. ನಾನು ಕೊಟ್ಬಿಡ್ತೀನಿ. ಕೊಟ್ಟ ಮೇಲೇ ನಂಗೆ ನೆನಪಾಗೋದು."

ಮಗ ಹಣೆ ಚಚ್ಚಿಕೊಂಡ. ಮಳೆ ಜೋರಾಯಿತು. ಟೈಲರ್ ಅಕ್ಕ ಒಂದು ಹೆಜ್ಜೆ ಹತ್ತಿರ ಬಂದು, ಆ ಪುಟ್ಟ ಹಳದಿ ಕೊಡೆಯನ್ನು ಅತ್ತೆಯ ಒದ್ದೆ ಗೋಣಿಯ ಮೇಲಕ್ಕೆ ಸರಿಸಿ ಹಿಡಿದಳು.

"ಹಾಗಾದ್ರೆ ಎರಡು ಬಾಚಣಿಗೆ ಕೊಟ್ಟು ಕಳಿಸ್ತೀನಿ" ಎಂದಳು.