ಅಮ್ಮನ ಬೆರಳಿನ ವೇಗ

ಕಾಲಿ ಎಂಬ ನಗರದ ಒಬ್ರೆರೋ ಬಡಾವಣೆಯಲ್ಲಿ ಭಾನುವಾರ ಮಧ್ಯಾಹ್ನ ವಯಸ್ಸಾದವರು ಕುಣಿಯಲು ಸೇರುವ ಹಾಲ್ ಒಂದಿದೆ. ಅಲ್ಲಿ ಹಾಡು ಹಾಕುವವಳು ಮೆಲ್ಬಾ. ಅವಳ ಮಗಳು ಯುರಾನಿ ಬೆಳೆದದ್ದೇ ಅಮ್ಮ ಹಾಡು ಹಾಕುವ ಮೇಜಿನ ಕೆಳಗೆ. ರೆಕಾರ್ಡು ತುಂಬಿ ತಂದ ರಟ್ಟಿನ ಪೆಟ್ಟಿಗೆಯಲ್ಲಿ ಅಮ್ಮನ ಶಾಲು ಹೊದ್ದು ಮಲಗಿದರೆ ಮೇಲಿನಿಂದ ತೆಳ್ಳನೆಯ ದನಿಗಳು ಇಳಿದುಬರುತ್ತಿದ್ದವು. ಹಾಡುವವರು ಗೇಣುದ್ದದ ಪುಟ್ಟ ಜನ ಎಂದೇ ಅವಳು ನಂಬಿದ್ದಳು. ಅಂಥ ನಿದ್ದೆ ಮತ್ತೆ ಬರಲಿಲ್ಲ. ಈಗಂತೂ ಕಂಕುಳಲ್ಲಿ ಕೂಸು ಸಾಮುವೆಲ್. ಅವನು ಕೆಮ್ಮಿದರೂ ಭಯ, ಕೆಮ್ಮದಿದ್ದರೂ ಭಯ.

ಈ ವರ್ಷ ಮೆಲ್ಬಾಳ ಕೈ ನಡುಗತೊಡಗಿತ್ತು. ರೆಕಾರ್ಡು ತಿರುಗಿಸುವ ಹಳೇ ಯಂತ್ರದ ಮುಳ್ಳು ಜಾರಿ ರೆಕಾರ್ಡು ಗೀರುತ್ತಿತ್ತು, ಕುಣಿಯುವವರು ಅರ್ಧಕ್ಕೇ ನಿಲ್ಲುತ್ತಿದ್ದರು. ಹಾಲ್‌ನ ಯಜಮಾನ ಮೆತ್ತಗೆ ಹೇಳಿದ್ದ: "ಇನ್ನೊಂದ್ಸಲ ಹಾಡು ಕೆಟ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ, ಮೆಲ್ಬಕ್ಕ." ಅವತ್ತು ಅಮ್ಮ ಊಟ ಮುಟ್ಟಲಿಲ್ಲ. ಗಂಡ ಹೋದ ಮೇಲೆ ಅವಳ ವಾರಕ್ಕೆ ಇದ್ದದ್ದು ಅದೊಂದೇ ದಿನ.

ಯುರಾನಿ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಕೂತಳು. ಮತ್ತೆ ಗೀರು ಬಿದ್ದರೆ ಎಂಬ ದಿಗಿಲಿಗೆ ಅಮ್ಮನಿಗೆ ಮುಟ್ಟಲೂ ಬಿಡಲಿಲ್ಲ, ಕೂಸು ಮಲಗಿದಾಗೆಲ್ಲ ತಾನೇ ಒಂದೊಂದಾಗಿ ಹಾಕಿದಳು. ಹಾಡು ನುಡಿಸುವ ತಂತ್ರಾಂಶವನ್ನು ಕೆದಕಿ ಕೆದಕಿ ಸರಿಮಾಡಿದಳು. ಕಂಪ್ಯೂಟರ್ ತಾನಾಗಿ ಬೆರೆಸುತ್ತಿದ್ದ ಪ್ರತಿಧ್ವನಿ ತೆಗೆದಳು; ಜೋರು-ಮೆಲ್ಲಗಳನ್ನು ಒಂದೇ ಮಟ್ಟಕ್ಕೆ ತುಳಿಯುವುದನ್ನು ನಿಲ್ಲಿಸಿದಳು; ನಡುವೆ ತೊದಲದಂತೆ ಹಾಡನ್ನು ಮುಂಚೆಯೇ ಸಾಕಷ್ಟು ತುಂಬಿಟ್ಟುಕೊಳ್ಳುವ ಹಾಗೆ ಮಾಡಿದಳು. ಒಂದು ವಿರಹದ ಹಾಡು ಹಾಕಿದಾಗ ಹಾಡುಗಾರ ಉಸಿರೆಳೆದದ್ದೂ ಕೇಳಿಸಿತು. ಅಡುಗೆಮನೆಯಿಂದ ಅಮ್ಮ, "ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ ಕಣೇ" ಅಂದಳು.

ಭಾನುವಾರವೂ ಆ ವಿರಹದ ಹಾಡಿಗೆ ಜೋಡಿಗಳು ಕಣ್ಣು ಮುಚ್ಚಿ ತೂಗಿದವು. ಆಮೇಲೆ ಕುಣಿತದ ಹಾಡು ಬಂತು. ಎದ್ದ ಕಾಲುಗಳು ತಡವರಿಸಿದವು. ಬಿಳಿ ಬೂಟಿನ ಫನೋರ್, ಹಿರಿಯನೆಂದು ಎಲ್ಲರೂ ‘ಡಾನ್’ ಎನ್ನುವ ಆ ಹಾಲ್‌ನ ಹಳೇ ಹುಲಿ, ನಡುವೆಯೇ ನಿಂತುಬಿಟ್ಟ.

"ಮೆಲ್ಬಾ, ಹಾಡಿಗೆ ಉಪವಾಸವಾ ಇವತ್ತು? ಒಂದು ಎಂಪನಾದ ಕಡುಬು ತಿನ್ನಿಸಿ ಕಳಿಸು."

"ಹೆಣ ಹೊರೋಕೆ ಸರಿಹೋಗುತ್ತೆ ಬಿಡಿ," ಪಕ್ಕದ ಹೆಂಗಸೊಬ್ಬಳು ನಕ್ಕಳು.

ಬಾಗಿಲ ಬಳಿ ಕೂತಿದ್ದ ಯಜಮಾನ ಎದ್ದು ಇತ್ತ ಹೊರಟ. ಯುರಾನಿ ಅಮ್ಮನ ಕಡೆ ತಿರುಗಿದಳು. "ಎಲ್ಲಾ ಸರಿಯಾಗೇ ಮಾಡಿದೀನಮ್ಮ. ರೆಕಾರ್ಡಿನ ಮೇಲೆ ಬರೆದಿರೋ ವೇಗಕ್ಕೇ ಇಳಿಸಿದೀನಿ."

ಮೆಲ್ಬಾಳ ಬಲಗೈ ಹಳೇ ಯಂತ್ರವಿದ್ದ ಜಾಗಕ್ಕೆ ಹೋಗಿ, ಗಾಳಿಯಲ್ಲೇ ಒಂದು ಗುಂಡಿ ತಿರುಗಿಸಿತು. ತನ್ನ ಆ ಕೈಯನ್ನೇ ನೋಡಿ ಅವಳಿಗೆ ನಗು ಬಂತು.

"ಬರೆದ ವೇಗಕ್ಕೆ ಈ ಊರೋರು ಯಾವತ್ತು ಕುಣಿದಿದ್ರು? ನಿಮಿಷಕ್ಕೆ ಮೂವತ್ಮೂರು ಸುತ್ತಿನ ರೆಕಾರ್ಡನ್ನ ನಲವತ್ತೈದಕ್ಕೆ ತಿರುಗಿಸಿದ್ರೇ ನಮಗೆ ಕಾಲು ಏಳ್ತಿದ್ದಿದ್ದು. ನನ್ನ ಕೈ ಅಷ್ಟು ವರ್ಷ ತಾನಾಗಿ ತಿರುಗಿಸ್ತಿತ್ತು. ನಿಂಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ."

"ವೇಗ ಹೆಚ್ಚಿಸಿದ್ರೆ ದನಿ ಇಲಿ ಥರ ಕಿಚಗುಟ್ಟುತ್ತಮ್ಮ. ದನಿ ಬದಲಾಗದ ಹಾಗೆ ಮಾಡ್ಲಾ? ಅದಕ್ಕೂ ಇದರಲ್ಲಿ ದಾರಿಯಿದೆ."

"ಬೇಡ. ಆ ಇಲಿಗಳು ಹಾಡ್ತಿದ್ದಾಗ್ಲೇ ನಿಮ್ಮಪ್ಪ ನನ್ನ ಕೈ ಹಿಡಿದದ್ದು."

ಯುರಾನಿ ಪರದೆಯ ಮೇಲೆ ವೇಗ ಏರಿಸಿ ಇಳಿಸುವ ಪಟ್ಟಿ ತೆರೆದುಕೊಟ್ಟಳು. ಅಮ್ಮನ ನಡುಗುವ ಬೆರಳು ಅದನ್ನು ಮುಂದೆ ಎಳೆಯಿತು, ತುಸು ಹಿಂದೆ ತಂದಿತು, ನಿಂತಿತು. ಇಲ್ಲಿ ಬೆರಳು ನಡುಗಿದರೆ ಯಾವ ಗೀರೂ ಬೀಳುವುದಿಲ್ಲ. ಸ್ಪೀಕರಿನಿಂದ ಆ ಪುಟ್ಟ ಜನ ಒಮ್ಮೆಲೇ ಹಾಡಿಕೊಂಡು ಹೊರಬಂದರು. ಡಾನ್ ಫನೋರ್‌ನ ಬಿಳಿ ಬೂಟು ನೆಲದ ಮೇಲೆ ಕಾಣಿಸದಷ್ಟು ಬೇಗ ಆಡತೊಡಗಿತು. ಅರ್ಧ ದಾರಿ ಬಂದಿದ್ದ ಯಜಮಾನನನ್ನು ಯಾರೋ ಹೆಂಗಸು ತೋಳು ಹಿಡಿದು ಕುಣಿತಕ್ಕೆ ಎಳೆದುಕೊಂಡಳು.

ಯುರಾನಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಪೆಟ್ಟಿಗೆಯಲ್ಲಿ ಸಾಮುವೆಲ್ ನಿದ್ದೆ ಹೋಗಿದ್ದ. ಆದರೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

"ಅವನು ಚೆನ್ನಾಗಿದಾನೆ, ಏಳು," ಎಂದಳು ಮೆಲ್ಬಾ, ಪರದೆಯಿಂದ ಕಣ್ಣು ತೆಗೆಯದೆ. "ಇದರ ಮುಂದಿಂದು ಯಾವ ಹಾಡು? ಅದರ ವೇಗಾನೂ ನಾನೇ ಕೂರಿಸ್ತೀನಿ."