ಬಚ್ಚಲಮನೆಯ ಊದಿನಕಡ್ಡಿ

ನಮ್ಮ ಮನೆಯಲ್ಲಿ ಅಂಗಡಿಗೆ ರಜೆ ಇರುವ ದಿನ ಮೊದಲ ಊದಿನಕಡ್ಡಿ ಉರಿಯುವುದು ದೇವರ ಜಗಲಿಯ ಮುಂದಲ್ಲ, ಬಚ್ಚಲಮನೆಯಲ್ಲಿ. ಒಂದು ಕೈಯಲ್ಲಿ ಸಾಬೂನಿನ ನೊರೆಯ ಬಟ್ಟಲು, ಇನ್ನೊಂದರಲ್ಲಿ ಊದಿನಕಡ್ಡಿ ಹಿಡಿದು ಒಳಗೆ ಹೋಗುವ ನನ್ನನ್ನು ಕಂಡು, ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯವರು, "ಒಳಗ ಯಾವ ದೇವರೈತ್ರಿ?" ಎಂದು ಕೇಳಿದ್ದರು. "ಗ್ಯಾಸ್ ಗೀಸರ್ ಐತ್ರಿ" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಆ ಪೆಟ್ಟಿಗೆಯ ಪೂಜೆಗೆ ನನ್ನದೇ ಒಂದು ಪದ್ಧತಿ ಇದೆ. ಮೊದಲು ಸಿಲಿಂಡರಿನಿಂದ ಬರುವ ನಳಿಗೆಯ ಉದ್ದಕ್ಕೂ ನೊರೆ ಸವರಬೇಕು. ಎಲ್ಲಾದರೂ ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದರ್ಥ, ಅವತ್ತು ಬೆಂಕಿಕಡ್ಡಿ ಮುಟ್ಟುವಂತಿಲ್ಲ. ಗುಳ್ಳೆ ಏಳದಿದ್ದರೆ ಮಾತ್ರ ಊದಿನಕಡ್ಡಿ ಹಚ್ಚಿ ಗೋಡೆಯ ಮೇಲಿನ ಕಿಂಡಿಯ ಕೆಳಗೆ ಹಿಡಿಯಬೇಕು. ಹೊಗೆ ಸರಾಗವಾಗಿ ಹೊರಗೆ ಹೋದರೆ ಸರಿ. ಆಮೇಲೆ ನಲ್ಲಿ ತಿರುಗಿಸಿ, ಪೆಟ್ಟಿಗೆಯ ಪುಟ್ಟ ಕಿಟಕಿಯಲ್ಲಿ ಒಂದು ಕಣ್ಣಿಟ್ಟು ಉರಿಯ ಬಣ್ಣ ನೋಡಬೇಕು. ಇಳಕಲ್ಲಿನಲ್ಲಿ ಸೀರೆ ಮಾರುತ್ತಲೇ ತಲೆ ನರೆಸಿಕೊಂಡವನು ನಾನು. ದಾಳಿಂಬೆ ಕೆಂಪಿಗೂ ಕುಂಕುಮ ಕೆಂಪಿಗೂ ಇರುವ ವ್ಯತ್ಯಾಸವನ್ನು ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಗೀಸರಿನ ಉರಿ ನೀಲಿಯಾಗಿರಬೇಕು. ಹಳದಿಯ ಎಳೆ ಕಂಡರೆ ಉರಿಗೆ ಗಾಳಿ ಸಾಲದೆ ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತಿದೆ ಎಂದರ್ಥ, ಆ ಮಾಲು ವಾಪಸ್.

ಇನ್ನು ನೀರಿನ ಸುದ್ದಿ. ನಮ್ಮೂರಿನ ಕೆಂಪು ಗ್ರಾನೈಟ್ ಹೊಳಪು ಹೊಡೆಸಿಕೊಂಡು ಪರದೇಶಕ್ಕೆ ಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿರುವ ಸುಣ್ಣ ಮಾತ್ರ ಊರು ಬಿಡದೆ ಗೀಸರಿನ ಹೊಟ್ಟೆಯಲ್ಲಿ ಮನೆ ಮಾಡುತ್ತದೆ. ವರ್ಷಕ್ಕೊಮ್ಮೆ ರಿಪೇರಿಯವನು ಬಂದು ಅದನ್ನು ಬಿಚ್ಚಿ ತೊಳೆಯುವಾಗ ನಾನು ಪಕ್ಕದಲ್ಲಿ ನಿಂತು, ಕೇಳದ ಸಲಹೆಗಳನ್ನು ಕೊಡುತ್ತೇನೆ. ಹೆಂಡತಿ ಗಿರಿಜಾಗೆ ಇದೊಂದು ದೊಡ್ಡ ತಮಾಷೆ. "ನನ್ನ ಬಿ.ಪಿ. ಎಷ್ಟೈತಿ ಅಂತ ಒಂದ್ ದಿನಾ ಕೇಳಿಲ್ಲ. ಆ ಡಬ್ಬಿ ನಾಡಿ ಮಾತ್ರ ವಾರಾ ವಾರಾ ಹಿಡೀತೀರಿ" ಎನ್ನುತ್ತಾಳೆ. ಅದು ಖರೆ. ಆದರೆ ಬಿ.ಪಿ. ಏರಿದರೆ ಗಿರಿಜಾ ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ, ಗೀಸರ್ ಬಾಯಿ ಬಿಡುವುದಿಲ್ಲವಲ್ಲ.

ಕಳೆದ ಚಳಿಗಾಲದಲ್ಲಿ ಮಗಳು ಸವಿತಾ ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ಅಮೀನಗಡದಿಂದ ನನ್ನ ಅಕ್ಕ ಶಾಂತಕ್ಕ ಕರದಂಟಿನ ಡಬ್ಬಿಯ ಸಮೇತ ಬಂದಿಳಿದಳು. ನಮ್ಮ ಬಳಗದ ಕೂಸುಗಳೆಲ್ಲ ಅವಳ ಚಾಚಿದ ಕಾಲುಗಳ ಮೇಲೆ ಮಲಗಿ ನೀರು ಎರೆಸಿಕೊಂಡವೇ. ಅವಳ ಮಾತಿಗೆ ಎದುರಾಡಿದವರು ನಮ್ಮ ವಂಶದಲ್ಲಿ ಇಲ್ಲ. ನನ್ನ ಅಪ್ಪನೂ ಆಡಿರಲಿಲ್ಲ.

ಶಾಂತಕ್ಕನ ಬಾಣಂತನಶಾಸ್ತ್ರಕ್ಕೆ ಒಂದೇ ಸೂತ್ರ: ಬಾಣಂತಿಗೆ ಗಾಳಿ ತಾಗಬಾರದು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬಾಗಿಲಿಗೆ ಪರದೆ. ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ನಡೆದು ಬಂದದ್ದೇ, ಹಾಗಾಗಿ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ಮುಂಜಾನೆ ಎರೆದುಕೊಂಡು ಬಂದ ಸವಿತಾ ಗೋಡೆ ಹಿಡಿದು ನಿಂತು, "ಅಪ್ಪಾ, ಯಾಕೋ ತಲಿ ಭಾಳ ಭಾರ ಆಗೇತಿ" ಎಂದಳು. "ಬಾಣಂತಿ ನಿತ್ರಾಣ. ಒಂದ್ ಅಂಟಿನುಂಡಿ ತಿನ್ನು" ಎಂದಳು ಅಕ್ಕ. ಅವಳ ತೋಳಿನಲ್ಲಿ ಕೂಸು ಎರೆಸಿಕೊಳ್ಳಲು ತನ್ನ ಪಾಳಿ ಕಾಯುತ್ತಿತ್ತು.

ತಲೆಭಾರ ಎಂದೊಡನೆ ನನಗೆ ನೆನಪಾದದ್ದು ಗೀಸರ್. ಬಚ್ಚಲಿಗೆ ಓಡಿದೆ. ಬಕೀಟಿಗೆ ನೀರು ಬೀಳುತ್ತಿತ್ತು. ಪೆಟ್ಟಿಗೆಯ ಕಿಟಕಿಯಲ್ಲಿ ಉರಿ ಅರಿಸಿನದಂತೆ ಹಳದಿಯಾಗಿತ್ತು. ತಲೆ ಎತ್ತಿ ನೋಡಿದರೆ ಕಿಂಡಿಯಲ್ಲಿ ನಮ್ಮದೇ ಹಳೆಯ ಇಳಕಲ್ಲ ಸೀರೆ! ಕೆಂಪು ಸೆರಗು ಹೊರಗೆ ಕಾಣುವಂತೆ, ಒಂದು ಸೊಳ್ಳೆಗೂ ದಾರಿ ಇರದಂತೆ ಗಿಡಿದಿದ್ದಳು ಅಕ್ಕ. ಒತ್ತಾಗಿ ನೇಯ್ದ ಸೀರೆ, ಗಾಳಿ ನುಸುಳದು ಎಂದು ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ. ಅವತ್ತು ಆ ಮಾತು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗ್ಯಾಸ್ ಬಂದ್ ಮಾಡಿ, ಸೀರೆ ಕಿತ್ತು, ಬಾಗಿಲು ತೆರೆದಿಟ್ಟು, ಸವಿತಾಳನ್ನು ಅಂಗಳದ ಗಾಳಿಗೆ ಕೂರಿಸಿ, ಹಾಗೆಯೇ ತಾಯಿ-ಮಗು ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆವು. ಇಬ್ಬರೂ ಆರಾಮವಾಗಿದ್ದಾರೆ ಎಂದು ಡಾಕ್ಟರು ಹೇಳಿದರು. ಮರಳಿ ಬಂದಾಗ ಅಕ್ಕ ಸೀರೆ ಮಡಚಿಕೊಂಡು ಬಚ್ಚಲ ಬಾಗಿಲಲ್ಲೇ ನಿಂತಿದ್ದಳು.

"ಉರಿ ಹಳದಿ ಇತ್ತು ಅಕ್ಕಾ" ಎಂದೆ.

"ದೀಪದ ಉರಿ ಮತ್ತ್ಯಾವ ಬಣ್ಣ ಇರ್ತೈತೋ ತಮ್ಮಾ? ಹಳದಿ ಇದ್ರ ಛಲೋನ ಅಲ್ಲೇನು?"

ಹಳದಿ ಎಂದರೆ ಅರಿಸಿನ, ಅರಿಸಿನ ಎಂದರೆ ಮಂಗಳ ಎಂದು ಬದುಕಿದವಳಿಗೆ ನೀಲಿ ಉರಿಯ ಹಿರಿಮೆಯನ್ನು ಹೇಗೆ ಮನಗಾಣಿಸುವುದು? ವಾದ ಬಿಟ್ಟು ನನ್ನ ಪೂಜೆಗೆ ಇಳಿದೆ. ನೊರೆ ಸವರಿದೆ, ಗುಳ್ಳೆ ಏಳಲಿಲ್ಲ. ಕಿಂಡಿಗೆ ಮತ್ತೆ ಸೀರೆ ಗಿಡಿದು, ಒಂದು ಹಿಡಿ ಊದಿನಕಡ್ಡಿ ಹಚ್ಚಿ, ಅಕ್ಕನನ್ನೂ ಒಳಗೆ ಕರೆದು ಬಾಗಿಲು ಎಳೆದುಕೊಂಡೆ. ಹೊಗೆ ಮೇಲೇರಿ, ಅಲ್ಲೇ ಸುತ್ತಿ, ಕೆಳಗಿಳಿದು ನಮ್ಮಿಬ್ಬರ ಕಣ್ಣಿಗೆ ಬಂತು. ಅಕ್ಕ ಕೆಮ್ಮಿದಳು. ಸೀರೆ ಎಳೆದೆ. ಹೊಗೆ ಕಿಂಡಿಯ ದಾರಿ ಹಿಡಿಯಿತು.

ಅಕ್ಕ ತಲೆ ಎತ್ತಿ ಕಿಂಡಿಯನ್ನು ನೋಡಿದಳು. ನಮ್ಮ ಹಳೆಯ ಮಾಳಿಗೆಮನೆಯಲ್ಲಿ ಹಂಡೆಯ ಒಲೆಯ ಮೇಲೊಂದು ಬೆಳಕಿಂಡಿ ಇತ್ತು. ಮಳೆಗೆ ಮುಚ್ಚಿದರೂ, ಒಲೆ ಹೊತ್ತಿಸುವ ಮುಂಚೆ ಅದನ್ನು ತೆರೆಯುತ್ತಿದ್ದವಳು ಅವಳೇ.

"ಆಗ ಹೊಗಿ ಕಣ್ಣಿಗೆ ಬಡದು ಹೇಳತಿತ್ತು, ಕಿಂಡಿ ತಗೀರಿ ಅಂತ. ಇದಕ್ಕ ಹೊಗೀನ ಇಲ್ಲ, ಹಂಗಂದ್ರ ಉಸಿರೂ ಬ್ಯಾಡ ಅಂದ್ಕೊಂಡ್ನೋ ತಮ್ಮಾ. ಇದು ಮೂಕ ಒಲಿ" ಎಂದಳು. ಅವಳ ಕಣ್ಣಲ್ಲಿದ್ದ ನೀರು ಊದಿನಕಡ್ಡಿಯದಷ್ಟೇ ಅಲ್ಲ.

ಗೀಸರನ್ನು ಹಿತ್ತಲಿನ ಗೋಡೆಗೆ ಸಾಗಿಸಿದೆವು. ಈಗ ಅದು ಬಯಲಿನಲ್ಲಿ ಉಸಿರಾಡುತ್ತದೆ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರುತ್ತದೆ. ಕಿಂಡಿಗೆ ಬೇಕಾದಷ್ಟು ಸೀರೆ ಗಿಡಿಯುವ ಹಕ್ಕು ಅಕ್ಕನಿಗೆ ಮರಳಿ ಸಿಕ್ಕಿತು. ತೊಟ್ಟಿಲಿಗೆ ಹಾಕುವ ದಿನ ನೆರೆದ ಹೆಂಗಸರಿಗೆಲ್ಲ ಅವಳು, "ಬಾಣಂತಿಗೆ ಗಾಳಿ ಬ್ಯಾಡ, ಒಲಿಗೆ ಗಾಳಿ ಬೇಕ ಬೇಕು" ಎಂದು ಉಪದೇಶ ಮಾಡುತ್ತಿದ್ದಳು. ಸೂತ್ರ ಅವಳದೇ ಎಂಬಂತಿತ್ತು. ನಾನು ತಕರಾರು ಮಾಡಲಿಲ್ಲ.

ಅವತ್ತು ಮಧ್ಯಾಹ್ನ ಎಲ್ಲರೂ ಉಣ್ಣುವಾಗ ಮೆಲ್ಲಗೆ ತೊಟ್ಟಿಲ ಬಳಿ ಹೋಗಿ, ಮಲಗಿದ್ದ ಮೊಮ್ಮಗಳ ಮೂಗಿನ ಕೆಳಗೆ ಬೆರಳು ಹಿಡಿದೆ. ಹಿಂದಿನಿಂದ ಅಕ್ಕನ ದನಿ ಬಂತು: "ಅಲ್ಲೇನು ನೋಡಾಕತ್ತೀ?"

"ಏನಿಲ್ಲಕ್ಕಾ... ತಪಾಸಣಿ."

ಬೈಯುತ್ತಾಳೆಂದು ಕೈ ಹಿಂದೆಗೆದೆ. ಶಾಂತಕ್ಕ ಮುಂದೆ ಬಂದು, ಬಾಗಿ, ತಾನೂ ಒಂದು ಬೆರಳು ಹಿಡಿದು ನೋಡಿದಳು.